ಗುಂಡಿಯಿಂದ ಚಾಚಿದ ಕೈ

ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಕೂತಿದೆ, ಬೆಳಿಗ್ಗೆ ಸೋಪು ಹಾಕಿ ತಿಕ್ಕಿದ್ದಳು, ಬೇರೆ ಬೆರಳಿನದೆಲ್ಲ ಹೋಯಿತು, ಹೆಬ್ಬೆರಳಿನದು ಹೋಗಿಲ್ಲ, ನಿನ್ನೆ ಚಿಕ್ಕಮ್ಮನ ಗುಂಡಿಗೆ ಹಾಕಿದ ಹಿಡಿ ಮಣ್ಣಿನದು — ಕಸೊಂದೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು, ಎಳೆದುಕೊಂಡರೇನು, ಮೇಜು ಗಾಜಿನದು, ಎಲ್ಲ ಕಾಣುತ್ತದೆ, ಈ ಕಂಪನಿಯಲ್ಲಿ ಎಲ್ಲವೂ ಕಾಣಬೇಕಂತೆ, ಮುಚ್ಚುಮರೆ ಇಲ್ಲ ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ, ಅದರ ಕೆಳಗೆ ನಗುವ ಮಕ್ಕಳ ಚಿತ್ರ, ಚಿಮಣಿಯ ಕೆಳಗಿನ ಕಸೇಬಾ ಬಡಾವಣೆಯ ಮಕ್ಕಳಲ್ಲ, ಕಸೇಬಾದ ಮಕ್ಕಳು ಹಾಗೆ ಬಾಯಿ ತೆರೆದು ನಕ್ಕರೆ ಕೆಮ್ಮು ಬರುತ್ತದೆ. ಆಚೆ ಬದಿಯಲ್ಲಿ ಯುರೋಪಿನಿಂದ ಬಂದವರು ಬಿಸ್ಕತ್ತು ಮುರಿಯುತ್ತಿದ್ದಾರೆ, ತಾಮ್ರ ಕೊಳ್ಳುವವರು, ಈಗೀಗ ಅವರಿಗೆ ತಾಮ್ರದ ಜೊತೆ ನೆಮ್ಮದಿಯೂ ಬೇಕು, ಈ ತಾಮ್ರ ಯಾರ ಕಣ್ಣೀರೂ ತಾಗದ ತಾಮ್ರ ಎಂದು ಇಲ್ಲಿನ ಯಾರಾದರೂ ಎದುರಿಗೆ ಕೂತು ಹೇಳಬೇಕು, ಆ ಯಾರಾದರೂ ಅವಳೇ, ಅವಳು ಹೌದು ಅಂದರೆ ಅವರ ಮುದ್ರೆ ಬೀಳುತ್ತದೆ, ಮುದ್ರೆ ಬಿದ್ದರೆ ಪರಿಸರ ವಿಭಾಗಕ್ಕೆ ಅವಳೇ ಮುಖ್ಯಸ್ಥೆ, ಯಜಮಾನ ಮುದೇಂದಾ ಅವರು ಮೊನ್ನೆಯೇ ಹೇಳಿಬಿಟ್ಟಿದ್ದಾರೆ, ಚಿಕ್ಕಮ್ಮನ ಹೆಣ ಇನ್ನೂ ಶವಾಗಾರದಲ್ಲಿ ಇದ್ದಾಗ, ಫೋನಿನಲ್ಲಿ, ಎಷ್ಟು ಮೃದುವಾಗಿ, ನಿಮ್ಮ ದುಃಖದಲ್ಲಿ ಕೇಳಬಾರದು ಕಸೊಂದೆ, ಆದ್ರೂ ಅವ್ರು ಬರೋ ದಿನ ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೂರಿಸ್ಲಿ ಹೇಳಿ. ಹೂಂ ಅಂದಿದ್ದಳು. ಅಭ್ಯಾಸ. ಜೂನ್ ತಿಂಗಳು, ಇಲ್ಲಿ ಚಳಿಗಾಲ, ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿವೆ, ಒಳಗೆ ಹದವಾದ ಬೆಚ್ಚಗಿನ ಗಾಳಿ, ನಿಂಬೆಹಣ್ಣಿನ ವಾಸನೆ ಬೆರೆಸಿದ್ದು, ಆದರೂ ಅವಳು ಕೋಟು ಬಿಚ್ಚಿಲ್ಲ, ಕಂಪನಿಯ ನೀಲಿ ಕೋಟು, ತೋಳಿಗೆ ಹಳದಿ ಪಟ್ಟಿ, ನಿನ್ನೆ ಸ್ಮಶಾನಕ್ಕೂ ಇದನ್ನೇ ಹಾಕಿಕೊಂಡು ಹೋಗಿದ್ದಳು, ಬೇರೆ ಬೆಚ್ಚನೆಯ ಬಟ್ಟೆ ಇರಲಿಲ್ಲ ಎಂದೇನಲ್ಲ.

ಇವರು ನಮ್ಮ ಕಸೊಂದೆ, ಎಂದು ಮುದೇಂದಾ ಶುರು ಮಾಡಿದರು, ದೊಡ್ಡ ಮೈಯ ಮನುಷ್ಯ, ಈ ಕುಲುಮೆ, ಆಸಿಡ್ ಘಟಕ, ಚಿಮಣಿ ಎಲ್ಲದಕ್ಕೂ ಯಜಮಾನ, ಆದರೂ ನಗುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮನೆಯ ಮಾವನ ಹಾಗೆ ನಗುತ್ತಾರೆ, ಇವರು ನಮ್ಮ ಕಂಪನಿಯ ಆತ್ಮಸಾಕ್ಷಿ, ತಿಂಗಳಿಗೊಂದ್ಸಲ ನಂಗೆ ಚೆನ್ನಾಗಿ ಬೈತಾರೆ, ಬೈಸ್ಕೊಳ್ಳದೆ ಇದ್ರೆ ನಂಗೇ ಏನೋ ಕಳ್ಕೊಂಡ ಹಾಗಾಗತ್ತೆ — ಬಂದವರು ನಕ್ಕರು, ಅವಳತ್ತ ಮೆಚ್ಚಿಗೆಯಿಂದ ನೋಡಿದರು, ಇದೇ ನಗು, ಇದೇ ಮೆಚ್ಚಿಗೆ, ವರ್ಷಗಟ್ಟಲೆ ಇದನ್ನೇ ಉಂಡು ಬದುಕಿದ್ದಾಳೆ ಅವಳು. ಪ್ರತಿ ಸಭೆಯಲ್ಲೂ ಎದ್ದು ನಿಂತು ಹೇಳಿದ್ದಾಳೆ, ನೀವು ಜನರನ್ನು ಉಸಿರುಗಟ್ಟಿಸಿ ಕೊಲ್ಲುತ್ತಿದ್ದೀರಿ ಎಂದು ಇದೇ ಮಾತಿನಲ್ಲಿ ಹೇಳಿದ್ದಾಳೆ, ಆಗಲೂ ಮುದೇಂದಾ ತಲೆಯಾಡಿಸಿ, ಬಂತಪ್ಪ ಬಂತು, ಕಸೊಂದೆ ಅವರ ಬೈಗುಳ ಬಂತು, ಬರ್ಕೊಳ್ರಿ ಬರ್ಕೊಳ್ರಿ ಅನ್ನುತ್ತಿದ್ದರು, ಎಲ್ಲ ನಗುತ್ತಿದ್ದರು, ಅವಳೂ ಕೊನೆಗೆ ನಗುತ್ತಿದ್ದಳು, ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ ಎಂದು, ಚಿಕ್ಕಮ್ಮ ಎದೆ ಹಿಡಿದುಕೊಂಡು ಕೆಮ್ಮುತ್ತಲೇ, ಹೇಳ್ಬೇಕು ಕಣವ್ವ, ನಮ್ಮೋರು ಅಂತ ಒಬ್ರು ಒಳಗಿದ್ರೆ ತಾನೇ ಹೇಳಕ್ಕಾಗೋದು, ಎಂದು ಅವಳ ತಟ್ಟೆಗೆ ಇನ್ನೊಂದು ಮುಷ್ಟಿ ನ್ಷಿಮಾ ಮುದ್ದೆ ಹಾಕುತ್ತಿದ್ದಳು. ಒಳಗಿದ್ದರೆ. ಒಳಗಿದ್ದರೆ ತಾನೇ. ಎಂಥ ಹುಚ್ಚು ನಂಬಿಕೆ, ಎಂಥ ಹೊಟ್ಟೆ ತುಂಬಿಸುವ ಮಾತು, ಈಗ ನೆನೆದರೆ ಉರಿ. ಮುದೇಂದಾ ಅವರ ಮೇಲೆ ಉರಿ, ಈ ಬಿಸ್ಕತ್ತಿನವರ ಮೇಲೆ ಉರಿ, ಹೂಂ ಅಂದು ಇಲ್ಲಿ ಬಂದು ಕೂತ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಅವಳು ಕೇಳಿದ್ದೇನು, ಕೊಟ್ಟದ್ದೇನು — ತಾಮ್ರ ಕರಗುವ ಕುಲುಮೆಯಿಂದ ಹೊರಡುವ ಗಂಧಕದ ಹೊಗೆಯನ್ನು ಆಸಿಡ್ ಘಟಕ ಹಿಡಿದು ಆಸಿಡ್ ಮಾಡಬೇಕು, ಆ ಘಟಕ ಕೆಟ್ಟು ನಿಂತಾಗ ಕುಲುಮೆಯನ್ನೂ ನಿಲ್ಲಿಸಬೇಕು, ಇಷ್ಟೇ, ಇದಕ್ಕೆ ದೊಡ್ಡ ಓದೂ ಬೇಡ, ಹಾಲು ಉಕ್ಕುವಾಗ ಬೆಂಕಿ ಆರಿಸಬೇಕು ಅಂದ ಹಾಗೆ, ಆದರೆ ಕುಲುಮೆ ಒಮ್ಮೆ ತಣ್ಣಗಾದರೆ ಮತ್ತೆ ಕಾಯಿಸುವುದು ನಷ್ಟದ ಬಾಬತ್ತು, ಹಾಗಾಗಿ ನಿಲ್ಲಿಸುವುದಿಲ್ಲ, ಹೊಗೆಯನ್ನು ಸೀದಾ ಚಿಮಣಿಗೆ ಬಿಡುತ್ತಾರೆ, ಅದು ಸೀದಾ ಕಸೇಬಾದ ಮೇಲೆ ಇಳಿಯುತ್ತದೆ, ಚಳಿಗಾಲದ ಬೆಳಗಿನಲ್ಲಿ ಮೇಲೇರಲಾಗದೆ ಬೀದಿಯ ಮಟ್ಟದಲ್ಲೇ ಹರಿದಾಡುತ್ತದೆ, ಅಲ್ಲಿನವರು ಅದಕ್ಕೆ ಸೆಂಟಾ ಅಂತ ಹೆಸರಿಟ್ಟಿದ್ದಾರೆ, ಸೆಂಟಾ ಬಂತು ಒಳಗೆ ನಡೀರಿ ಅನ್ನುತ್ತಾರೆ ಮಳೆ ಬಂತು ಅಂದ ಹಾಗೆ, ಅಲ್ಲಿ ಸೊಪ್ಪು ಬೆಳೆಯುವುದಿಲ್ಲ, ಕುಂಬಳ ಬೆಳೆಯುವುದಿಲ್ಲ, ತಗಡಿನ ಸೂರು ತೂತು ಬೀಳುತ್ತದೆ, ಕಳ್ಳಿ ಮಾತ್ರ ನಾಚಿಕೆಯಿಲ್ಲದೆ ಬೆಳೆಯುತ್ತದೆ. ಕುಲುಮೆ ನಿಲ್ಲಿಸಿ ಅಂದಳು. ನೋಡೋಣ ಅಂದರು. ಮತ್ತೆ ಅಂದಳು, ಜಗಳವಾಡಿದಳು, ಅತ್ತಳು ಕೂಡ ಒಂದು ಸಲ ಇದೇ ಕೋಣೆಯಲ್ಲಿ, ಕೊನೆಗೆ ಒಂದು ದಿನ ಮುದೇಂದಾ, ಕುಲುಮೆ ಮಾತು ಬಿಡಿ, ಅದು ನನ್ನ ಕೈಲಿಲ್ಲ, ಬೇರೆ ಏನಾದ್ರೂ ಕೇಳಿ, ಕೊಡ್ತೀನಿ ಅಂದರು, ಕೊಟ್ಟರು — ಸೈರನ್. ಹೊಗೆ ಬಿಡುವ ಮುಂಚೆ ಕಸೇಬಾಕ್ಕೆ ಕೇಳಿಸುವಂತೆ ಒಂದು ಸೈರನ್. ಅಯ್ಯೋ ಅವಳ ಹೆಮ್ಮೆಯೇ. ಕಂಬಕ್ಕೆ ಅದನ್ನು ಕಟ್ಟಿದ ದಿನ ಬೀದಿಯ ಹೆಂಗಸರು ಕುಣಿದರು, ಚಿಕ್ಕಮ್ಮ ತಾನು ದಿನಾ ಮಾರುವ ಚಿತುಂಬುವಾ ಬೋಂಡಾವನ್ನು ಎಲ್ಲರಿಗೂ ಪುಕ್ಕಟೆ ಕರಿದು ಹಂಚಿದಳು, ಕಸೊಂದೆ ಮನೆಮನೆಗೆ ಹೋಗಿ ಪಾಠ ಹೇಳಿದಳು, ಸೈರನ್ ಕೂಗಿದ ತಕ್ಷಣ ಒಳಗೆ ಹೋಗಿ, ಬಾಗಿಲು ಹಾಕಿ, ಕಿಟಕಿ ಹಾಕಿ, ಬಟ್ಟೆ ಒದ್ದೆ ಮಾಡಿ ಸಂದಿಗಳಿಗೆಲ್ಲ ತುರುಕಿ, ಕೂಗು ನಿಲ್ಲೋ ತನಕ ಆಚೆ ಬರಬೇಡಿ. ಆಮೇಲೆ ನಡೆದದ್ದೇನು, ಮೊದಲು ಕಳ್ಳರ ಹಾಗೆ ಹೆದರಿ ಹೆದರಿ ಬಿಡುತ್ತಿದ್ದ ಹೊಗೆಯನ್ನು ಈಗ ಸೈರನ್ ಊದಿ ಧೈರ್ಯವಾಗಿ ಬಿಡತೊಡಗಿದರು, ಹೇಳಿದೀವಲ್ಲ, ಮೊದಲೇ ತಿಳಿಸಿದೀವಲ್ಲ, ಇನ್ನೇನು. ಅವಳ ಮೂಗಿಗೆ ತುಪ್ಪ ಸವರಿದರು, ಅವಳು ಆ ತುಪ್ಪವನ್ನು ಇಡೀ ಕಸೇಬಾಕ್ಕೆ ಸವರಿ ಬಂದಳು.

ಮಂಗಳವಾರ ಬೆಳಕು ಹರಿಯುವ ಹೊತ್ತು, ಚಿಕ್ಕಮ್ಮ ಎಂದಿನಂತೆ ಅಂಗಳದಲ್ಲಿ ಇದ್ದಿಲ ಒಲೆ ಹೊತ್ತಿಸಿ ಎಣ್ಣೆ ಕಾಯಿಸುತ್ತಿದ್ದಾಳೆ, ಹಿಟ್ಟು ಉಬ್ಬಿದೆ, ಪಾಳಿಗೆ ಹೋಗುವವರು ಬರುವ ಹೊತ್ತು, ಸೈರನ್ ಕೂಗುತ್ತದೆ, ಹೇಳಿದ ಮಾತು ಕೇಳುವ ಹೆಂಗಸು ಅವಳು, ಅಕ್ಕನ ಮಗಳು ಹೇಳಿದ್ದಾಳೆ, ಓದಿದ ಹುಡುಗಿ ಹೇಳಿದ್ದಾಳೆ, ಹಿಟ್ಟಿನ ಪಾತ್ರೆ ಒಳಗಿಟ್ಟಳು, ಬಾಣಲೆ ಒಳಗಿಟ್ಟಳು, ಒಲೆಯನ್ನೂ ಒಳಗಿಟ್ಟಳು, ಉರಿಯುವ ಇದ್ದಿಲನ್ನು ಹೊರಗೆ ಬಿಟ್ಟು ಬರುವ ಹೆಂಗಸು ಕಸೇಬಾದಲ್ಲಿ ಯಾರಿದ್ದಾರೆ, ಅದೂ ಈ ಚಳಿಯಲ್ಲಿ, ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ತಾನು ಸೊಂಟಕ್ಕೆ ಸುತ್ತುವ ಹಳೆಯ ಚಿತೆಂಗೆ ಬಟ್ಟೆ ಹರಿದು ಒದ್ದೆ ಮಾಡಿ ಒಂದೊಂದು ಸಂದಿಗೂ ತುರುಕಿದಳು, ಎಷ್ಟು ಅಚ್ಚುಕಟ್ಟಾಗಿ ತುರುಕಿದ್ದಳೆಂದರೆ ಬಾಗಿಲು ಒಡೆದ ಅದೇ ಬೀದಿಯ ಮುದುಕ ಜೆರೆ ಆಮೇಲೆ ಹೇಳಿದ, ಗಾಳಿಗೆ ಸೂಜಿ ತೂರುವಷ್ಟೂ ಜಾಗ ಇರ್ಲಿಲ್ಲ ಕಣಮ್ಮ. ಒಳಗೆ ಸಿಕ್ಕಿಕೊಂಡ ಸೆಂಟಾ, ಅದರ ಮೇಲೆ ಇದ್ದಿಲಿನ ವಿಷ. ಗೋಡೆಗೆ ಒರಗಿ ಕೂತಿದ್ದಳಂತೆ, ಮಡಿಲಲ್ಲಿ ಹಿಟ್ಟು ಕಲಸುವ ಮರದ ಸೌಟು. ಕಂಪನಿಯ ಆಸ್ಪತ್ರೆಯ ಡಾಕ್ಟರು ನೋಡಿ ಇದ್ದಿಲ ಹೊಗೆ ಅಂತ ಬರೆದರು, ಸುಳ್ಳು ಬರೆಯಲಿಲ್ಲ ಅವರು, ಅದೇ ಅಲ್ಲವೇ ಸಿಟ್ಟು, ಸುಳ್ಳಾದರೆ ಹರಿದು ಹಾಕಬಹುದಿತ್ತು, ಇದು ನಿಜ, ಇದ್ದಿಲ ಹೊಗೆಯೇ, ಮುಚ್ಚಿದ ಕೋಣೆಯೇ, ಕೋಣೆಯನ್ನು ಮುಚ್ಚಿಸಿದ್ದು ಸೈರನ್, ಸೈರನ್ ತರಿಸಿದ್ದು ಅವಳು, ಇಷ್ಟನ್ನು ಯಾವ ಡಾಕ್ಟರೂ ಬರೆಯುವುದಿಲ್ಲ. ಮನೆಮನೆಗೆ ಹೋಗಿ ಪಾಠ ಹೇಳಿದವಳು ಒಲೆಯ ಬಗ್ಗೆ ಒಂದು ಮಾತು ಹೇಳಬಾರದಿತ್ತೇ, ಇದ್ದಿಲ ಒಲೆಯ ಪಕ್ಕದಲ್ಲೇ ಬೆಳೆದವಳು, ಅದರ ಬೂದಿಯಲ್ಲಿ ಗೆಣಸು ಸುಟ್ಟು ತಿಂದವಳು, ಕಂಪನಿಯ ಬಿಳಿ ಹಲಗೆಯ ಮೇಲೆ ಮನೆಯ ಚಿತ್ರ ಬರೆದು ಬಾಣದ ಗುರುತು ಹಾಕುವಾಗ ಆ ಮನೆಯಲ್ಲಿ ಒಲೆಯೇ ಬರೆಯಲಿಲ್ಲ. ಹಲಗೆಯ ಮೇಲಿನ ಮನೆಯಲ್ಲಿ ಯಾರಿಗೂ ಹಸಿವಾಗುವುದಿಲ್ಲ.

ಕೆಟ್ಟದ್ದೇನೂ ಮಾಡಲಿಲ್ಲ ಕಂಪನಿ, ಮೇಲಾಗಿ ಶವಪೆಟ್ಟಿಗೆ ಕೊಟ್ಟಿತು, ಹಿತ್ತಾಳೆ ಹಿಡಿಕೆಯದು, ಲಾರಿ ಕೊಟ್ಟಿತು, ಸೂತಕದ ಮನೆಗೆ ಜೋಳದ ಹಿಟ್ಟಿನ ಮೂಟೆ, ಎಲೆಕೋಸು, ಎಣ್ಣೆ ಕಳಿಸಿತು, ನೌಕರರ ಮನೆಯ ಸಾವಿಗೆ ಹಾಗೆ ಕೊಡುವುದು ರೂಢಿ, ಕಸೊಂದೆಯ ಚಿಕ್ಕಮ್ಮ ಎಂದು ಸ್ವಲ್ಪ ಜಾಸ್ತಿಯೇ ಕಳಿಸಿದರು, ಗಂಡಸರು ಹೊರಗೆ ಬೆಂಕಿ ಹಾಕಿ ಕೂತಿದ್ದರು, ಹೆಂಗಸರು ಒಳಗೆ ಚಾಪೆಯ ಮೇಲೆ, ಅಳುವವರು ಅಳುತ್ತಾ, ಒಲೆ ಹಚ್ಚುವವರು ಹಚ್ಚುತ್ತಾ, ಅಲ್ಲಿಗೇ ಬಂದಳು ಲೊಂಬೆ. ಒಂದು ಕಾಲದಲ್ಲಿ ಇದೇ ವಿಭಾಗದಲ್ಲಿ ಅವಳ ಪಕ್ಕದ ಕುರ್ಚಿಯವಳು, ಇದೇ ಕಂಪನಿಯನ್ನು ಮುಖಕ್ಕೆ ಉಗಿದು ಬಿಟ್ಟು ಹೋದವಳು, ಈಗ ರಾಜಧಾನಿ ಲುಸಾಕಾದಲ್ಲಿ ಯಾವುದೋ ಸಂಸ್ಥೆಯಲ್ಲಿದ್ದಾಳೆ, ರೇಡಿಯೋದಲ್ಲಿ ಮಾತಾಡುತ್ತಾಳೆ, ಗಣಿಗಳ ಅನ್ಯಾಯ ಎಂದು ಚೆನ್ನಾದ ದನಿಯಲ್ಲಿ, ಕೆಮ್ಮಿಲ್ಲದ ದನಿಯಲ್ಲಿ. ಅಪ್ಪಿಕೊಂಡಳು, ಅತ್ತಳು, ಅಳು ನಿಂತ ಮೇಲೆ ಕಿವಿಯ ಹತ್ತಿರ ಬಾಯಿ ತಂದು, ಈಗಲಾದ್ರೂ ಈ ಕೆಲಸ ಬಿಡ್ತೀಯೇನೇ ಅಂದಳು. ಬಿಟ್ಟು? ಬಿಟ್ಟು ನೀನು ಏನು ಕಿಸಿದೆ ಲೊಂಬೆ, ನೀನು ಬಿಟ್ಟ ಮೇಲೆ ನಿನ್ನ ಕುರ್ಚೀಲಿ ಒಬ್ಬನ್ನ ತಂದು ಕೂರಿಸಿದ್ರು, ಅವ್ನು ಹೊಗೆ ಅಳೆಯೋ ಮೀಟರ್ ಕಡೆ ಕಣ್ಣು ಕೂಡ ಎತ್ತಲ್ಲ, ಹೇಳಿದ ಕಡೆ ಸಹಿ ಹಾಕ್ತಾನೆ, ನಾನೂ ಬಿಟ್ರೆ ಅಂಥೋನು ಇನ್ನೊಬ್ಬ ಬರ್ತಾನೆ, ಅಷ್ಟೇ. ಲೊಂಬೆ ಕೈ ಬಿಡಲಿಲ್ಲ, ಅವನು ಬಂದ್ರೆ ಅವನ ಮಾತನ್ನ ಯಾರೂ ನಂಬಲ್ಲ ಕಸೊಂದೆ, ನಿನ್ನ ಮಾತನ್ನ ನಂಬ್ತಾರೆ, ಅವರಿಗೆ ಬೇಕಾಗಿರೋದು ಅದೇ, ನೀನು ಒಳಗಿದ್ದು ಏನು ಕಿಸಿದೆ ಹೇಳು, ಒಂದು ಸೈರನ್. ಸುತ್ತಲಿನ ಹೆಂಗಸರು ಅಳು ನಿಲ್ಲಿಸಿ ನೋಡಿದರು, ಸತ್ತ ಮನೆಯಲ್ಲಿ ಇದೇನು ಮಾತು ಅನ್ನುವಂತೆ, ಕಸೊಂದೆಗೆ ಅವಳ ಕೂದಲು ಹಿಡಿದು ಎಳೆಯಬೇಕು ಅನ್ನಿಸಿತು, ಸುಳ್ಳು ಹೇಳಿದ್ದಕ್ಕಲ್ಲ. ಕೈ ತೊಳೆದುಕೊಂಡು ಹೋದವಳ ಕೈ ಸ್ವಚ್ಛ, ಸರಿ, ಇಲ್ಲಿ ಹೆಣ ತೊಳೆಯುವವರು ಯಾರು ಲೊಂಬೆ, ಎಂದು ಕೇಳಬೇಕಿತ್ತು, ಕೇಳಲಿಲ್ಲ, ಅಷ್ಟರಲ್ಲಿ ಪೆಟ್ಟಿಗೆ ಎತ್ತಿದರು.

ಕ್ಷಮಿಸಿ, ನಿಮ್ಮ ಮನೆಯಲ್ಲಿ ಸಾವಾಗಿದೆ ಅಂತ ಈಗ ಗೊತ್ತಾಯಿತು — ಬಂದವರಲ್ಲಿ ಒಬ್ಬಾಕೆ, ಬಿಳಿಗೂದಲಿನವಳು, ಮೆಲ್ಲಗೆ ಹೇಳುತ್ತಿದ್ದಾಳೆ, ಕಸೊಂದೆ ತಲೆಯಾಡಿಸಿದಳು, ಮುದೇಂದಾ ನಡುವೆ ಬಾಯಿ ಹಾಕಿದರು, ನಾನೂ ಹೋಗಿದ್ದೆ ಮಣ್ಣಿಗೆ, ನಾವೆಲ್ಲ ಒಂದೇ ಮನೆಯವರ ಹಾಗೆ ಇಲ್ಲಿ, ಎಂಥ ಜನ ಬಂದಿದ್ರು ಗೊತ್ತಾ, ಆ ಜೆರೆ ಅನ್ನೋನಂತೂ — ಹೇಳಬೇಡಿ, ಜೆರೆಯ ಹೆಸರನ್ನು ಆ ಬಾಯಿಯಲ್ಲಿ ಎತ್ತಬೇಡಿ, ಆದರೆ ಎತ್ತಿಬಿಟ್ಟರು, ಹೇಳುತ್ತಲೇ ಇದ್ದಾರೆ, ಗೇಲಿ ನಂಟರು ಅಂತ ನಮ್ಮಲ್ಲಿ ಒಂದು ಪದ್ಧತಿ, ಒಂದು ಜನಕ್ಕೆ ಇನ್ನೊಂದು ಜನ, ಹಿಂದೆ ಹೊಡೆದಾಡಿಕೊಂಡೋರು ಈಗ ಬೈದಾಡಿಕೊಳ್ತಾರೆ, ಬೆಂಬಾದೋರಿಗೆ ಅಂಗೋನಿಗಳು, ನಮ್ಮ ಟೋಂಗಾದೋರಿಗೆ ಲೋಜಿಗಳು, ಸಾವಿನ ಮನೇಲಿ ಬಂದು ಏನು ಬೇಕಾದ್ರೂ ಅನ್ನಬಹುದು, ಎದುರಿಗೇ ಅನ್ನಬಹುದು, ಯಾರೂ ಮನಸ್ಸಿಗೆ ಹಚ್ಕೊಳ್ಳೋ ಹಾಗಿಲ್ಲ, ಅದೇ ಅದರ ಚೆಂದ. ಅದೇ ಅದರ ಚೆಂದ. ನಿನ್ನೆಯೂ ಲಾರಿಯ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಾ ಇದನ್ನೇ ಅಂದಿದ್ದರು, ನಕ್ಕು ನಕ್ಕು ಬಂದ ಕಣ್ಣೀರು ಅದು.

ಜೆರೆ, ಸೈಕಲ್ ರಿಪೇರಿಯ ಅಂಗೋನಿ ಜೆರೆ, ಬೀದಿಯ ಕೊನೆಯ ಮನೆಯ ಒಂಟಿ ಮುದುಕ, ದಿನಾ ಬೆಳಿಗ್ಗೆ ಚಿಕ್ಕಮ್ಮನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವತ್ತು ಯಾವ ಕೋತಿ ಕೊಬ್ಬಲ್ಲಿ ಕರ್ದಿದ್ದೀಯೇ ಮುದುಕಿ, ನಿಮ್ಮ ಬೆಂಬಾದೋರು ಕೋತಿ ಬಿಟ್ರೆ ಬೇರೇನು ತಿಂತೀರಿ — ಇಲಿ ತಿನ್ನೋನೇ, ಎದ್ದು ಹೋಗು, ನಿನ್ನ ಮೀಸೇಲಿ ಇನ್ನೂ ಬಾಲ ನೇತಾಡ್ತಿದೆ — ಹೀಗೆ, ಇಬ್ಬರೂ ನಗದೆ, ಮುಖ ಗಂಟು ಹಾಕಿಕೊಂಡು, ಕೊನೆಗೆ ಚಿಕ್ಕಮ್ಮ ಬಿಸಿಯಾದದ್ದೊಂದನ್ನು ಹೆಕ್ಕಿ ಅವನ ಕೈಗೆ ಹಾಕುವಳು, ಅವನು ಚಾಚಿದ ಅಂಗೈಗೆ. ನಿನ್ನೆ ಆ ಜೆರೆ ಪೆಟ್ಟಿಗೆ ಇಳಿಸುವ ಮುಂಚೆ ಗುಂಡಿಗೆ ಹಾರಿದ. ಧಪ್ಪನೆ. ಮಲಗಿದ, ಎದೆಯ ಮೇಲೆ ಕೈ ಕಟ್ಟಿ, ಈ ಜಾಗ ನಂದು, ಮುದುಕೀನ ಮನೆಗೆ ವಾಪಸ್ ಕರ್ಕೊಂಡು ಹೋಗಿ, ಹಿಟ್ಟು ಉಬ್ಬಿದೆ, ಕರಿಯೋರ್ಯಾರು — ಜನ ಅಳುತ್ತಲೇ ನಕ್ಕರು, ಗುಂಡಿಯಿಂದ ಕೆಮ್ಮು ಕೇಳಿತು, ಚಿಕ್ಕಮ್ಮನ ಕೆಮ್ಮು, ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಶಿಳ್ಳೆ, ಜೆರೆ ಅಣಕಿಸುತ್ತಿದ್ದನೋ ಏನೋ, ಮುದೇಂದಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏಯ್ ಕಸೊಂದೆ, ಕೋತಿ ತಿನ್ನೋಳೇ, ಬಾ ಇಲ್ಲಿ, ಬಗ್ಗಿ ನೋಡು. ಬಗ್ಗಿದಳು. ನೀನು ಓದಿದೋಳು, ಮೀಟರ್ ಹಿಡ್ಕೊಂಡು ಓಡಾಡೋಳು, ನಿಂಗೆ ಗೊತ್ತಿರತ್ತೆ, ಹೇಳು, ನಿಮ್ಮ ಚಿಕ್ಕಮ್ಮನ್ನ ಕೊಂದಿದ್ದು ಒಲೆಯೋ ಚಿಮಣಿಯೋ, ಹೇಳಿದ್ರೆ ಏಳ್ತೀನಿ. ಹೋ ಎಂದು ನಗು. ಹೇಳಕ್ಕಾಗಲ್ವಾ? ಬಾಸು ಕೇಳಿಸ್ಕೊಳ್ತಾನಾ? ಹಂಗಾದ್ರೆ ಆ ಕೋಟು ಬಿಚ್ಚಿ ಕೊಡು, ಗುಂಡಿ ತಣ್ಣಗಿದೆ, ಮುದುಕಿಗೆ ಹಾಸ್ತೀನಿ — ಎಂದು ಕೈ ಚಾಚಿದ, ಮಲಗಿದಲ್ಲಿಂದಲೇ, ಮೇಲಕ್ಕೆ, ಅಂಗೈಯಲ್ಲಿ ಕೆಂಪು ಮಣ್ಣು, ಸೈಕಲ್ಲಿನ ಎಣ್ಣೆ ಕೂತ ಕಪ್ಪು ಗೆರೆಗಳು. ಪಕ್ಕದಲ್ಲಿ ಸೋದರಮಾವ ಪಿಸುಗುಟ್ಟಿದ, ಏನಾದ್ರೂ ಕೊಟ್ಟು ಎಬ್ಬಿಸವ್ವ, ಹೊತ್ತಾಯ್ತು, ಏನಾದರೂ ಕೊಟ್ಟೇ ಎಬ್ಬಿಸುವುದು ಪದ್ಧತಿ, ಗೇಲಿ ನಂಟ ಏನು ಕೇಳಿದರೂ ಸಿಟ್ಟಾಗಬಾರದು, ಕೇಳಿದ್ದನ್ನೇ ಕೊಡಬೇಕೆಂದೂ ಇಲ್ಲ, ಚೌಕಾಸಿ ಮಾಡಬಹುದು, ಅವಳು ಮಾಡಿದಳು, ನಗುತ್ತಾ ಮಾಡಿದಳು — ಕೋಳಿ ಕೊಡ್ತೀನಿ ಏಳೋ ಇಲಿ ತಿನ್ನೋನೇ. ಕೋಳಿ? ಹೂಂ, ದಪ್ಪನೆ ಹುಂಜ. ಗುಂಡಿಯೊಳಗಿನ ಮುಖ ಒಂದು ಗಳಿಗೆ ನಗಲಿಲ್ಲ. ಕೈ ಹಾಗೆಯೇ ಇತ್ತು, ಮೇಲಕ್ಕೆ, ಖಾಲಿ. ಆಮೇಲೆ ಎದ್ದ, ಮಣ್ಣು ಕೊಡವಿಕೊಂಡ, ನೋಡ್ರಪ್ಪಾ, ಒಂದು ಹುಂಜಕ್ಕೆ ಮುಗಿಸಿದ್ಲು ಚಿಕ್ಕಮ್ಮನ ವ್ಯವಹಾರಾನ. ಎಲ್ಲ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳೇನೋ.

ಕೋಳಿ. ಅವಳು ಕುಲುಮೆ ಕೇಳಿದಳು, ಅವರು ಸೈರನ್ ಕೊಟ್ಟರು, ಅದೂ ಕೋಳಿಯೇ ಅಲ್ಲವೇ, ಅವಳು ನಗುತ್ತಾ ಗುಂಡಿಯಿಂದ ಎದ್ದು ಬಂದಳಲ್ಲ, ಹೋಗಲಿ ಜೆರೆ ಆ ಒಂದು ಗಳಿಗೆಯಾದರೂ ನಗದೆ ಮಲಗಿದ್ದ, ಅವಳು ಅಷ್ಟೂ ಮಾಡಲಿಲ್ಲ. ಇಷ್ಟು ವರ್ಷ ಇವರ ಗೇಲಿ ನಂಟಳಾಗಿ ಬಾಳಿದ್ದಾಳೆ, ತಿಂಗಳಿಗೊಮ್ಮೆ ಬಂದು ಎದುರಿಗೇ ಕೊಲೆಗಾರರೇ ಅನ್ನುವುದು, ಅವರು ಹೊಟ್ಟೆ ಹಿಡಿದು ನಗುವುದು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳದಿರುವುದು, ಅದಕ್ಕೆ ಸಂಬಳ ಬೇರೆ. ಲೊಂಬೆ ನೆಂಟಸ್ತನವನ್ನೇ ಕಡಿದುಕೊಂಡು ದೂರ ನಿಂತು ಬೈಯುತ್ತಾಳೆ, ಅಲ್ಲಿಂದ ಬೈದರೆ ಇಲ್ಲಿಗೆ ಕೇಳಿಸುವುದಿಲ್ಲ, ಇಲ್ಲಿಂದ ಬೈದರೆ ನಗು ಬರುತ್ತದೆ, ಥೂ — ಕಸೊಂದೆ, ಎಂದರು ಮುದೇಂದಾ, ನಿಮ್ಮನ್ನೇ ಕೇಳ್ತಿದಾರೆ. ಬಿಳಿಗೂದಲಿನಾಕೆ ಪೆನ್ನು ಹಿಡಿದು ಕಾಯುತ್ತಿದ್ದಾಳೆ, ಒಳ್ಳೆಯ ಮುಖ, ನಿಜಕ್ಕೂ ಕೇಳುತ್ತಿರುವ ಮುಖ, ಇಲ್ಲಿನ ಜನರ ಹಿತವನ್ನು ಕಂಪನಿ ನೋಡಿಕೊಳ್ಳುತ್ತಿದೆ ಅಂತ ನಿಮಗೆ ಅನ್ನಿಸುತ್ತದೆಯೇ, ಅನ್ನಿಸುತ್ತ — ಎಂದು ಕಸೊಂದೆ ಬಾಯಿ ತೆರೆದಳು, ಅಷ್ಟರಲ್ಲಿ ಅದು ಕೂಗಿತು. ಮೊದಲು ಸಣ್ಣಗೆ, ಗಾಜಿನಾಚೆ, ಆಮೇಲೆ ಉದ್ದಕ್ಕೆ. ಬಂದವರು ಬೆಚ್ಚಿ ಕಿಟಕಿಯತ್ತ ನೋಡಿದರು, ಮುದೇಂದಾ ಮುಖ ಅರಳಿತು, ನೋಡಿ, ಹೇಳಿದೆನಲ್ಲ, ಇದೇ ಅದು, ಕಸೊಂದೆ ಅವರ ಸೈರನ್, ನನ್ನ ಕುತ್ತಿಗೆ ಮೇಲೆ ಕೂತು ಮಾಡಿಸ್ಕೊಂಡ್ರು, ಈಗ ಜನ ಆರಾಮಾಗಿ ಒಳಗೆ ಹೋಗಿ ಕೂತ್ಕೊಳ್ತಾರೆ, ಏನೂ ಭಯವಿಲ್ಲ. ಈಗ ಕಸೇಬಾದಲ್ಲಿ ಬಾಗಿಲುಗಳು ಮುಚ್ಚುತ್ತಿವೆ. ಬಟ್ಟೆಗಳು ನೀರಿಗೆ ಬೀಳುತ್ತಿವೆ. ಯಾರೋ ಒಬ್ಬಳು ಉರಿಯುವ ಒಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟುತ್ತಿದ್ದಾಳೆ.

ಇಲ್ಲ, ಅಂದಳು ಕಸೊಂದೆ. ಈ ಸೈರನ್ನೇ ನನ್ನ ಚಿಕ್ಕಮ್ಮನ್ನ ಕೊಂದಿದ್ದು, ಇದನ್ನ ಕೂಗಿಸೋ ಬದ್ಲು ಕುಲುಮೆ ನಿಲ್ಲಿಸ್ಬೇಕು, ಇವರು ನಿಲ್ಲಿಸಲ್ಲ, ಕೊಲ್ತಾರೆ. ಬಿಸ್ಕತ್ತು ಮುರಿಯುವ ಕೈಗಳು ನಿಂತವು, ಆಮೇಲೆ ಮುದೇಂದಾ, ಎಷ್ಟು ಮಮತೆಯಿಂದ, ಹೇಳಿರ್ಲಿಲ್ವಾ ನಾನು, ಹಿಂಗೇ ಇವರು, ಪಾಪ ಇವತ್ತು ದುಃಖದಲ್ಲಿದಾರೆ, ಆದ್ರೂ ಬಿಡಲ್ಲ ನೋಡಿ — ಎಂದು ನಕ್ಕರು, ಅವರು ನಕ್ಕದ್ದೇ ತಡ ಎಲ್ಲರಿಗೂ ಉಸಿರು ಬಂದಂತಾಯಿತು, ಎಲ್ಲರೂ ನಕ್ಕರು, ಮೆಲ್ಲಗೆ, ಮರ್ಯಾದೆಯಿಂದ, ಬಿಳಿಗೂದಲಿನಾಕೆಯೂ ತುಟಿಯ ಕೊನೆಯಲ್ಲಿ, ಏನೋ ಬರೆದುಕೊಳ್ಳುತ್ತಾ, ಇಲ್ಲಿ ಎದುರಿಗೇ ಮಾತಾಡಲು ಅವಕಾಶವಿದೆ ಎಂದು ಬರೆದುಕೊಂಡಳೋ ಏನೋ, ಹಾಗೆಯೇ ಬರೆದಿರುತ್ತಾಳೆ. ಮಾತು ಮುಗಿಯಿತು. ಮಾತು ಎಂಬುದು ಇಲ್ಲಿ ಮುಗಿದೇ ಹೋಯಿತು, ಇನ್ನು ಎಷ್ಟು ಮಾತಾಡಿದರೂ ಚಪ್ಪಾಳೆಯೇ, ಎದ್ದು ಹೋದರೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ನಾಳೆ ಇನ್ನೊಬ್ಬ ಬರುತ್ತಾನೆ, ಕೂತರೆ ಮುಖ್ಯಸ್ಥೆ. ಆದರೆ ನಿನ್ನೆ ಜೆರೆ ಎಲ್ಲರನ್ನೂ ತಡೆದದ್ದು ಮಾತಾಡಿದ್ದರಿಂದಲ್ಲ, ಮಲಗಿದ್ದರಿಂದ, ಅವನು ಗುಂಡಿಯಲ್ಲಿ ಮಲಗಿದ್ದಷ್ಟು ಹೊತ್ತು ಹಿತ್ತಾಳೆ ಹಿಡಿಕೆಯ ಪೆಟ್ಟಿಗೆ ಕೆಳಗಿಳಿಯಲಾಗಲಿಲ್ಲ, ಮುದೇಂದಾ ಲಾರಿ ಹತ್ತಲಾಗಲಿಲ್ಲ, ಎಲ್ಲ ನಿಂತಿತ್ತು, ಎಲ್ಲ ಅವನ ಕೈ ನೋಡುತ್ತಾ ನಿಂತಿತ್ತು, ಹುಂಜಕ್ಕೆ ಒಪ್ಪದಿದ್ದರೆ ಇನ್ನೂ ನಿಂತೇ ಇರುತ್ತಿತ್ತು.

ಎದ್ದಳು. ಕೋಟು ಬಿಚ್ಚಿದಳು, ಕಿಟಕಿಯ ಚಿಲಕ ಬಿಗಿಯಾಗಿತ್ತು, ಯಾರೂ ತೆರೆದೇ ಇಲ್ಲ ಇದನ್ನು, ಹೆಬ್ಬೆರಳಿನ ಉಗುರು ಮುರಿಯಿತು, ತೆರೆಯಿತು, ಮುಚ್ಚಲಾಗದಂತೆ ಕೋಟನ್ನು ಮಡಚಿ ಸಂದಿಗೆ ತುರುಕಿದಳು, ಗಟ್ಟಿಯಾಗಿ, ಚಿಕ್ಕಮ್ಮ ತುರುಕಿದ್ದಳಲ್ಲ ಅಷ್ಟೇ ಅಚ್ಚುಕಟ್ಟಾಗಿ, ಸೈರನ್ ಈಗ ಪೂರ್ತಿ ದನಿಯಲ್ಲಿ ಒಳಗೆ ಬಂತು, ಅದರ ಹಿಂದೆಯೇ ಸೆಂಟಾ, ನಿಂಬೆಯ ವಾಸನೆಯನ್ನು ತಳ್ಳಿಕೊಂಡು, ನಾಲಿಗೆಯ ಮೇಲೆ ಹುಳಿ, ಗಂಟಲಲ್ಲಿ ಚುಚ್ಚು, ಯಾರೋ ಕೆಮ್ಮಿದರು, ಕಿಟಕಿ ಕಸೊಂದೆ, ಕಿಟಕಿ, ಎಂದರು ಮುದೇಂದಾ ಇನ್ನೂ ನಗುತ್ತಲೇ, ಅವಳು ಬಾಗಿಲಿನ ಹತ್ತಿರ ಹೋದಳು, ಒಂದೇ ಬಾಗಿಲು ಈ ಕೋಣೆಗೆ, ಅದರ ಅಡ್ಡಕ್ಕೆ ನೆಲದ ಮೇಲೆ ಅಂಗಾತ ಮಲಗಿದಳು, ತಲೆ ಒಂದು ಚೌಕಟ್ಟಿಗೆ, ಪಾದ ಇನ್ನೊಂದಕ್ಕೆ. ಅವಳ ಬೆಂಬಾ ಜನ ದೊರೆಯ ಮುಂದೆ ಹೀಗೆಯೇ ಅಂಗಾತ ಮಲಗಿ ಚಪ್ಪಾಳೆ ತಟ್ಟುತ್ತಾರೆ, ಅವಳು ತಟ್ಟಲಿಲ್ಲ. ಮಲಗಿದವರನ್ನು ದಾಟುವ ಹಾಗಿಲ್ಲ, ಸೂತಕದ ಹೆಂಗಸನ್ನಂತೂ, ಅದು ಟೋಂಗಾದ ಮುದೇಂದಾ ಅವರಿಗೂ ಗೊತ್ತು, ಮೊದಲ ಸಲ ಅವರ ಹೊಟ್ಟೆಯ ಮೇಲೆ ಕೈ ಇಲ್ಲ, ಮೂಗಿನ ಮೇಲಿದೆ. ಏನಿದು, ಏಳಿ, ಎಲ್ರೂ ನೋಡ್ತಿದಾರೆ, ಏನು ಬೇಕು ನಿಮಗೆ, ವಿಭಾಗದ ಮಾತಾ, ನಾಳೇನೇ ಆದೇಶ ಕೊಡಿಸ್ತೀನಿ, ಚಿಕ್ಕಮ್ಮನ ಹೆಸರಲ್ಲಿ ಒಂದು ಕ್ಲಿನಿಕ್, ಆಗ್ಲಿ, ಕಟ್ಟಿಸೋಣ, ಕೆಮ್ಮು, ಮೊದ್ಲು ಏಳಿ ಕಸೊಂದೆ, ಕೆಮ್ಮು, ಬಿಳಿಗೂದಲಿನಾಕೆಯ ಕೆಮ್ಮು, ಎಳೆತ, ಕೊನೆಯಲ್ಲಿ ಸಣ್ಣ ಶಿಳ್ಳೆ, ಎಲ್ಲರದೂ ಒಂದೇ ಕೆಮ್ಮು ಹಾಗಾದರೆ, ಕುರ್ಚಿಗಳು ಸರಿಯುವ ಸದ್ದು, ಅವಳ ಸುತ್ತ ಬೂಟುಗಳು, ಬೂಟುಗಳ ಮೇಲೆ ಬಗ್ಗಿದ ಮುಖಗಳು, ಕಣ್ಣು ಉರಿಯುತ್ತಿದೆ, ಮುಖಗಳು ಕಲಸಿಹೋಗುತ್ತಿವೆ, ಯಾರ ಮುಖ ಎಂದೂ ತಿಳಿಯುತ್ತಿಲ್ಲ — ಕುಲುಮೆ, ಅಂದಳು, ಕುಲುಮೆ ನಿಲ್ಲಿಸಿ. ಅದೊಂದು ಬಿಟ್ಟು ಹೇಳಿ, ಅಂದಿತು ಮೇಲಿನ ದನಿ, ಬೇರೆ ಏನಾದ್ರೂ ಕೇಳಿ. ನಂಗೆ ಕೋಳಿ ಬೇಡ, ಅಂದಳು, ಅವರಿಗೆ ಅರ್ಥವಾಗಲಿಲ್ಲ, ಬೇಡ, ಕೈಯೊಂದು ಮೇಲಕ್ಕೆ ಎದ್ದಿತು, ತಣ್ಣನೆಯ ನೆಲದಿಂದ, ಅಂಗೈ ತೆರೆದು, ಹೆಬ್ಬೆರಳಲ್ಲಿ ರಕ್ತವೋ ಕೆಂಪು ಮಣ್ಣೋ, ಅವಳದೋ ಜೆರೆಯದೋ, ಮೇಲಕ್ಕೆ, ಖಾಲಿ, ಇಳಿಯದ ಕೈ.